ಪುಕ್ಕಟೆ ಆಫೀಸ್, ದುಬಾರಿ ಪಾಠ

ಸಿಂಧನೂರಿನ ಅಕ್ಕಿ ಗಿರಣಿ, ಲಿಂಗಸುಗೂರಿನ ವಕೀಲರ ಕಚೇರಿ, ಮಸ್ಕಿಯ ಜೆರಾಕ್ಸ್ ಅಂಗಡಿ ಎಲ್ಲಿಗೆ ಹೋದರೂ ಮೇಜಿನ ಮೇಲೆ ಕಂಪ್ಯೂಟರ್ ಕುಳಿತಿದೆ. ಜಿಎಸ್‌ಟಿ ಬಿಲ್ಲು, ಉದ್ರಿ ಲೆಕ್ಕ, ಕೋರ್ಟಿನ ಅರ್ಜಿ, ನೌಕರಿ ಹುಡುಕುವ ಹುಡುಗರ ಬಯೋಡಾಟಾ ಎಲ್ಲವೂ ಅದರ ಹೊಟ್ಟೆಯೊಳಗೇ. ಕಂಪ್ಯೂಟರ್ ಕೊಳ್ಳುವಾಗ ನೂರು ರೂಪಾಯಿಗೂ ಚೌಕಾಸಿ ಮಾಡುವ ವ್ಯಾಪಾರಸ್ಥರು, ಅದರೊಳಗೆ ಹಾಕಿಸುವ ಆಫೀಸ್ ತಂತ್ರಾಂಶದ ಮಾತು ಬಂದರೆ ಮಾತ್ರ ಕಣ್ಣು ಮುಚ್ಚಿಬಿಡುತ್ತಾರೆ. "ಪೆನ್‌ಡ್ರೈವ್‌ನಾಗ ಐತ್ರಿ, ಹತ್ತು ನಿಮಿಷದಾಗ ಹಾಕಿಕೊಡ್ತೀನಿ" ಅಂದರಾಯ್ತು, ವ್ಯವಹಾರ ಮುಗೀತು. ಆ ಪೆನ್‌ಡ್ರೈವ್ ಎಲ್ಲಿಂದ ಬಂತು, ಜೊತೆಗೆ ಏನೇನು ಹೊತ್ತು ತಂತು ಎಂದು ಕೇಳುವವರು ವಿರಳ.

ಹೀಗೆ ಬರುವ ಕಳ್ಳ ಪ್ರತಿಗಳ ಜೊತೆ 'ಕ್ರ್ಯಾಕ್' ಅಥವಾ 'ಆಕ್ಟಿವೇಟರ್' ಎಂಬ ಇನ್ನೊಂದು ಫೈಲು ಇರುತ್ತದೆ. ಅದರ ಮೊದಲ ಅಪ್ಪಣೆಯೇ "ಆಂಟಿವೈರಸ್ ಬಂದ್ ಮಾಡಿ" ಎಂಬುದು. ಗೋದಾಮಿನ ಕಾವಲುಗಾರನನ್ನು ಮನೆಗೆ ಕಳಿಸಿ, ಕೀಲಿ ತೆಗೆದಿಡು ಎಂದು ಅಪರಿಚಿತ ಹೇಳಿದರೆ ಯಾವ ಸೇಠು ಕೇಳಿಯಾನು? ಕಂಪ್ಯೂಟರಿನಲ್ಲಿ ಮಾತ್ರ ಎಲ್ಲರೂ ಕೇಳುತ್ತಾರೆ! ಒಳಗೆ ಹೊಕ್ಕ ಕಳ್ಳ ಬ್ಯಾಂಕಿನ ಪಾಸ್‌ವರ್ಡ್ ಕದಿಯಬಹುದು. ವರ್ಷಗಟ್ಟಲೆಯ ಲೆಕ್ಕಕ್ಕೆ ಬೀಗ ಜಡಿದು "ದುಡ್ಡು ಕೊಟ್ಟರೆ ಬಿಡ್ತೀವಿ" ಅನ್ನಲೂಬಹುದು. ಕಾನೂನಿನ ಭಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ಪ್ರತಿ ಎಂದು ತಿಳಿದೂ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ನ್ಯಾಯಾಲಯ ಜೈಲು ಬಿಟ್ಟು ದಂಡವಷ್ಟೇ ಹಾಕಬಹುದು. ಆದರೆ ಅಂಗಡಿ ನಡೆಸುವವರು ಆ ರಿಯಾಯಿತಿ ಕೇಳುವಂತಿಲ್ಲ.

ಹಾಗಾದರೆ ಬಡ ಅಂಗಡಿಕಾರ ಏನು ಮಾಡಬೇಕು? ಮೈಕ್ರೋಸಾಫ್ಟ್ ಆಫೀಸೇ ಬೇಕೆಂದರೆ ದುಡ್ಡು ಕೊಟ್ಟು, ಬಿಲ್ಲು ಪಡೆದು, ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ದುಡ್ಡಿಲ್ಲ ಎಂದರೆ ಲಿಬ್ರೆಆಫೀಸ್ ಇದೆ. ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯದು. ಮೊದಲ ಆವೃತ್ತಿ ಬಂದದ್ದು 2011ರ ಜನವರಿಯಲ್ಲಿ. ಮನೆಗಾಗಲಿ, ವ್ಯಾಪಾರಕ್ಕಾಗಲಿ ಪುಕ್ಕಟೆ, ಕಾನೂನುಬದ್ಧ. ಪತ್ರ ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ಪುಕ್ಕಟೆ ಮಾಲು ಎಂದು ಮೂಗು ಮುರಿಯುವವರು ಗಮನಿಸಲಿ: ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ತನ್ನ 30 ಸಾವಿರ ಕಂಪ್ಯೂಟರುಗಳನ್ನು ಇದಕ್ಕೇ ಬದಲಾಯಿಸುವುದಾಗಿ 2024ರ ಏಪ್ರಿಲ್‌ನಲ್ಲಿ ಘೋಷಿಸಿತು.

ಆದರೆ ಒಳ್ಳೆಯ ಮಾಲನ್ನೂ ಕೆಟ್ಟ ಅಂಗಡಿಯಲ್ಲಿ ಕೊಂಡರೆ ಫಲವಿಲ್ಲ. ಹೆಸರು ಹೊಡೆದು ಹುಡುಕಿದಾಗ ಎಲ್ಲಕ್ಕೂ ಮೇಲೆ ಕಾಣುವುದು ಎಷ್ಟೋ ಸಲ ಜಾಹೀರಾತು. 'ಡೌನ್‌ಲೋಡ್' ಎಂಬ ದೊಡ್ಡ ಹಸಿರು ಗುಂಡಿ ಒತ್ತಿದರೆ ಬೇರೆಯದೇ ಏನೋ ಇಳಿಯುತ್ತದೆ. ಲಿಬ್ರೆಆಫೀಸ್ ಡಾಟ್ ಆರ್ಗ್ ಎಂಬ ವಿಳಾಸವನ್ನು ಕೈಯಾರೆ ಬರೆದು ಹೋಗುವುದು ಕ್ಷೇಮ.

ಇಳಿಸುವ ಮುನ್ನ ಸೆಟಿಂಗ್ಸ್ ತೆರೆದು ಯಂತ್ರ 32 ಬಿಟ್ಟೋ 64 ಬಿಟ್ಟೋ, ವಿಂಡೋಸ್ ಯಾವುದು ಎಂದು ನೋಡಿಕೊಳ್ಳಬೇಕು. ಹಳೆಯ ವಿಂಡೋಸ್ 7 ಇಟ್ಟುಕೊಂಡವರಿಗೆ ಲಿಬ್ರೆಆಫೀಸಿನ 25.8 ಮತ್ತು ನಂತರದ ಆವೃತ್ತಿಗಳು ನಡೆಯುವುದಿಲ್ಲ. ಇದ್ದ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಹಳೆಯ ಕಳ್ಳ ಪ್ರತಿಯನ್ನು ಕಂಟ್ರೋಲ್ ಪ್ಯಾನೆಲ್ ಮೂಲಕ ತೆಗೆದು, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಬರೀ ಫೋಲ್ಡರ್ ಅಳಿಸಿದರೆ ಅದು ಹೋಗುವುದಿಲ್ಲ.

ಫೈಲು ನೂರಾರು ಎಂಬಿ ತೂಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವಾಗ ನಡುವೆ ಕಡಿದರೆ ಅರ್ಧ ಫೈಲು ಉಳಿದು, ಇನ್‌ಸ್ಟಾಲ್ ಮಾಡುವಾಗ ತಕರಾರು ತೆಗೆಯುತ್ತದೆ. "ಕಂಪ್ಯೂಟರ್ ಕೆಟ್ಟದ" ಎಂದು ರಿಪೇರಿಯವನ ಹತ್ತಿರ ಓಡುವ ಮೊದಲು ಮತ್ತೊಮ್ಮೆ ಇಳಿಸಿ ನೋಡುವುದು ಲೇಸು. ಭತ್ತದ ಲಾರಿಯನ್ನು ತೂಕದ ಚೀಟಿ ನೋಡದೆ ಯಾರೂ ಇಳಿಸಿಕೊಳ್ಳುವುದಿಲ್ಲ. ಇಲ್ಲೂ ಅಂಥ ಚೀಟಿ ಇದೆ: ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತು. ತಾಣದಲ್ಲಿ ಕೊಟ್ಟದ್ದೂ, ವಿಂಡೋಸಿನ ಸರ್ಟ್‌ಯುಟಿಲ್ ಆಜ್ಞೆ ತೋರಿಸಿದ್ದೂ ತಾಳೆಯಾದರೆ ಫೈಲು ಪೂರ್ತಿ ಬಂದಿದೆ, ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದರ್ಥ.

ಇನ್ನು ಮಸ್ಕಿಯವರಿಗೆ ಬಿಡಿಸಿ ಹೇಳಬೇಕಿಲ್ಲದ ಒಂದು ಸಂಗತಿ. 'ದೇವಾನಾಂಪಿಯ' ಎಂಬ ಬಿರುದಿನ ಶಾಸನಗಳು ದೇಶದ ತುಂಬ ಇದ್ದವು. ಆ ದೊರೆ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೇ ಸಿಕ್ಕಾಗ. ಇನ್‌ಸ್ಟಾಲ್ ಫೈಲನ್ನು ಒತ್ತಿದಾಗ ವಿಂಡೋಸ್ ಕೂಡ ಪ್ರಕಾಶಕರ ಹೆಸರು ತೋರಿಸುತ್ತದೆ. ಅಲ್ಲಿ 'ದಿ ಡಾಕ್ಯುಮೆಂಟ್ ಫೌಂಡೇಶನ್' ಎಂದಿದ್ದರೆ 'ಯೆಸ್' ಒತ್ತಬಹುದು. 'ಅನ್‌ನೋನ್' ಎಂದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಓದದೆ 'ನೆಕ್ಸ್ಟ್, ನೆಕ್ಸ್ಟ್' ಒತ್ತುವ ಚಾಳಿಯಿಂದಲೇ ಅರ್ಧ ಅನಾಹುತ. ಕೆಲಸದ ನಡುವೆ ಕರೆಂಟ್ ಹೋದರೆ ಅಷ್ಟಿಷ್ಟು ಹಾಕಿಸಿಕೊಂಡ ತಂತ್ರಾಂಶ ಅಂತರ್ಪಿಶಾಚಿಯಾಗುತ್ತದೆ. ಯುಪಿಎಸ್ ಇಲ್ಲದವರು ಲೈನ್ ಗಟ್ಟಿಯಿರುವ ಹೊತ್ತು ನೋಡಿಕೊಳ್ಳಲಿ.

'ಕಸ್ಟಮ್' ಆಯ್ಕೆಯಲ್ಲಿ ಕನ್ನಡ ಸಿಗುತ್ತದೆ. ತೊಡಕು ಬೇರೆ ಕಡೆ ಇದೆ. ನಮ್ಮ ಡಿಟಿಪಿ ಅಂಗಡಿಗಳ ಹಳೆಯ ಕಡತಗಳು ನುಡಿಯ ಹಳೆಯ ಫಾಂಟಿನಲ್ಲಿವೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಆ ಫಾಂಟು ಯಂತ್ರದಲ್ಲಿ ಇಲ್ಲದಿದ್ದರೆ ಅರ್ಜಿಯ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದಕ್ಕೆ ಆಫೀಸ್ ತಂತ್ರಾಂಶವನ್ನು ಬೈದು ಉಪಯೋಗವಿಲ್ಲ. ಹೊಸದನ್ನು ಯೂನಿಕೋಡಿನಲ್ಲಿ ಬರೆಯುವುದು, ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸುವುದು ಸದ್ಯದ ದಾರಿ.

ಕಂಪ್ಯೂಟರ್ ಮಾರುವವರು ಒಳಗೆ ಏನು ಹಾಕಿಕೊಟ್ಟಿದ್ದಾರೆ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡುವ ಪರಿಪಾಠ ಮೂರೂ ಊರಿನಲ್ಲಿ ಬರಬೇಕು. ಗಿರಾಕಿಗಳೂ ಪಟ್ಟು ಹಿಡಿದು ಕೇಳಬೇಕು. ತರಬೇತಿ ಕೇಂದ್ರಗಳು ಟೈಪಿಂಗ್ ಕಲಿಸಿ ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಂಡರೆ ಸಾಲದು, ಒಂದು ದಿನವಾದರೂ ಇನ್‌ಸ್ಟಾಲ್ ಮಾಡುವುದನ್ನು ಹುಡುಗರ ಕೈಯಿಂದಲೇ ಮಾಡಿಸಲಿ. ಈಗಾಗಲೇ ಕ್ರ್ಯಾಕ್ ಹಾಕಿಸಿಕೊಂಡವರು ಬ್ಯಾಂಕಿನ ಪಾಸ್‌ವರ್ಡನ್ನು ಬೇರೊಂದು ಯಂತ್ರದಿಂದ ಇವತ್ತೇ ಬದಲಾಯಿಸುವುದು ಒಳಿತು. ಖಾತೆಯಿಂದ ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.