ಕಡೇ ನುಡಿ ಕತ್ತರಿಸಬೇಡಿ

ನೀವು ಗೋಕಾಕದವರಿರಲಿ, ಮೂಡಲಗಿಯವರಿರಲಿ, ಹುಕ್ಕೇರಿಯವರಿರಲಿ, ಜಾತ್ರೆಯ ರಾತ್ರಿ ಗೀಗೀ ಮೇಳದ ಮುಂದೆ ಕಂಬಳಿ ಹೊದ್ದು ಕೂತವರೇ. ತುಂತುಣಿ ಮಿಡಿದು, ದಪ್ಪು ಬಡಿದು, ಹಿಮ್ಮೇಳ ಏರಿ, ನಸುಕಿನ ತಂಪಿಗೆ ಪದ ಮುಗಿಯುವ ಹೊತ್ತಿನಲ್ಲಿ ಕಟ್ಟಿದವನ ಹೆಸರು, ಅವನ ಊರು, ಅವನ ಗುರು ಕಡೇ ನುಡಿಯಲ್ಲಿ ಬರುವುದನ್ನು ಕೇಳಿದವರೇ. ಪದವನ್ನು ಯಾರು ಬೇಕಾದರೂ ಹಾಡಬಹುದಿತ್ತು. ಆ ಅಂಕಿತವನ್ನು ಮಾತ್ರ ಬಿಡುವಂತಿರಲಿಲ್ಲ. ಅಕ್ಷರ ಬಾರದವರು ಮಾಡಿಕೊಂಡ ಕಾಯ್ದೆ ಅದು. ನೀವದನ್ನು ಬಲ್ಲಿರಿ.

ಆಟವೂ ಹೀಗೇ ಕೈದಾಟಿ ಬಂದದ್ದು: ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ನಮ್ಮ ಕುಲಗೋಡ ತಮ್ಮಣ್ಣ ಬಯಲಿನ ಆಟಕ್ಕೆ ಒಗ್ಗಿಸಿದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದರು. ಇಂದಿನ ಕೃತಿಸ್ವಾಮ್ಯ ಕಾಯ್ದೆ ಅಂದೇ ಇದ್ದು, ಯಾರಾದರೂ ತಡೆಯಾಜ್ಞೆ ತಂದಿದ್ದರೆ ನಮಗೆ ಸತ್ಯಭಾಮೆಯ ಮುನಿಸೂ ಇಲ್ಲ, ಗೊಲ್ಲತಿಯ ನಗೆಯೂ ಇಲ್ಲ. ಹಾಗೆಂದು ಕಾಯ್ದೆಯೇ ಕೆಟ್ಟದ್ದೆನ್ನಲಾರೆ. ಘೋಡಗೇರಿಯ ಕಂಬಾರರು ಇಂಥ ಆಟಗಳನ್ನು ನೋಡುತ್ತ ಬೆಳೆದು ನಾಟಕಗಳನ್ನು ಬರೆದರು. ಬರೆದವರ ಹಕ್ಕನ್ನು 1957ರ ಕಾಯ್ದೆ ಅವರ ಕಾಲಾನಂತರವೂ 60 ವರ್ಷ ಕಾಯುತ್ತದೆ. ಕಾಯಲಿ. ಆದರೆ ಆ ಆಟಗಳನ್ನು ಆಡಿದವರನ್ನು, ಪುಸ್ತಕವಿಲ್ಲದವರನ್ನು, ಬರೀ ಕಂಠವಿದ್ದವರನ್ನು ಯಾರು ಕಾಯಬೇಕು?

ಈಗ ನೀವು ಮೊಬೈಲ್ ಎತ್ತುತ್ತೀರಿ. ಅರ್ಧ ನಿಮಿಷದ ರೀಲ್ಸ್‌ಗಾಗಿ ಹಾಡನ್ನು ಕತ್ತರಿಸುವಾಗ ಮೊದಲು ಬೀಳುವುದು ಆ ಕಡೇ ನುಡಿಯೇ. ಹೆಸರು ಚಾನೆಲ್‌ನದು, ದುಡ್ಡು ಚಾನೆಲ್‌ನದು; ಹಾಡಿದಾಕೆ ಮರುದಿನ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ, ಅವಳ ದನಿ ಅವಳಿಲ್ಲದ ಮದುವೆಗಳಲ್ಲಿ, ಅವಳು ಕಾಣದ ಊರುಗಳಲ್ಲಿ ಮೊಳಗುತ್ತಲೇ ಇರುತ್ತದೆ. ನೀವಿದನ್ನೂ ಬಲ್ಲಿರಿ.

ಹಾಡುವವರಿಗೂ ಹಕ್ಕುಂಟೆಂದು ಅದೇ ಕಾಯ್ದೆಯ 1994ರ ತಿದ್ದುಪಡಿ ಹೇಳಿತು. ಆ ಹಕ್ಕನ್ನು ಬರೆದುಕೊಟ್ಟ ಮೇಲೂ ‘ಹಾಡಿದವಳು ನಾನು’ ಎಂದು ಹೆಸರು ಕೇಳಬಹುದೆಂದು 2012ರ ತಿದ್ದುಪಡಿ ಹೇಳಿತು. ನಮ್ಮ ಅಂಕಿತವನ್ನೇ ದಿಲ್ಲಿಯವರು ತಡವಾಗಿ ಕಲಿತಂತಿದೆ! ಆದರೆ ಒಂದು ದಿನದ ಕೂಲಿ ಬಿಟ್ಟು ವಕೀಲರನ್ನು ಹುಡುಕಿಕೊಂಡು ಬೆಳಗಾವಿಗೆ ಹೋಗು ಎಂದು ಆಕೆಗೆ ಹೇಳಲು ನಿಮಗೆ ಬಾಯಿ ಬಂದೀತೆ? ಆಕೆ ಕೇಳಲಾರಳು. ಬಲ್ಲವರು ನೀವು, ನೀವೇ ಕೊಡಬೇಕು.

ಬರುವ ಜಾತ್ರೆಯಲ್ಲಿ ಮೊದಲು ಹತ್ತಿರ ಹೋಗಿ ಕೇಳಿ: ‘ಯವ್ವಾ, ನಿಮ್ಮ ಹೆಸರೇನ್ರಿ? ಯಾವ ಊರ್ರಿ? ಮೊಬೈಲಿನಾಗ ಹಿಡಕೊಳ್ಳಲೇನ್ರಿ?’ ಆ ಹೆಸರನ್ನು ಹಾಡಿನ ಮೇಲೆ ಬರೆಯಿರಿ. ದುಡ್ಡು ಬಂದರೆ ಪಾಲನ್ನು ಮನೆಗೆ ಮುಟ್ಟಿಸಿ. ಮತ್ತೆ, ಕಡೇ ನುಡಿ ಮುಗಿಯುವ ತನಕ ಕೈ ಇಳಿಸಬೇಡಿ.