ಅಟ್ಟದ ಮೇಲಿನ ಅಟ್ಟೆ

1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಅದಾಗಿ ಹದಿನೈದು ದಿನಕ್ಕೆ, ಸ್ವಾತಂತ್ರ್ಯ ದಿನದಂದು, ವಿಎಸ್‌ಎನ್‌ಎಲ್ ಇಂಟರ್ನೆಟ್ಟಿನ ಬಾಗಿಲನ್ನು ಜನಸಾಮಾನ್ಯರಿಗೆ ತೆರೆಯಿತು. 2025ಕ್ಕೆ ಎರಡಕ್ಕೂ ಮೂವತ್ತು ತುಂಬಿತು. 1995ರಲ್ಲಿ ತಮಿಳುನಾಡಿನ ಸೇಲಂ, ಧರ್ಮಪುರಿಯ ಕನ್ನಡದ ಮನೆಗಳಲ್ಲಿ ಯಾರೂ ಈ ಸುದ್ದಿಗಳಿಗೆ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಯಂತ್ರಗಳೆಂದರೆ ಮಗ್ಗ, ರೇಡಿಯೊ, ಬೀದಿ ಕೊನೆಯ ಎಸ್‌ಟಿಡಿ ಬೂತು. ಬೆಳಗ್ಗೆ ಮಗ್ಗದ ಸದ್ದು ಏಳುವ ಮುನ್ನ ಮೀಡಿಯಂ ವೇವ್‌ನ ಮುಳ್ಳನ್ನು 612ರ ಹತ್ತಿರ ತಿರುಗಿಸಿದರೆ ಬೆಂಗಳೂರು ಆಕಾಶವಾಣಿ ಗೊರಗೊರ ಎನ್ನುತ್ತಾ ಸಿಗುತ್ತಿತ್ತು. ಕೇಳುವವರು ಯಾರು, ಯಾವ ರಾಜ್ಯದವರು, ಯಾವ ಕಾರ್ಯಕ್ರಮಕ್ಕೆ ಎದ್ದು ಹೋದರು ಎಂಬುದು ಆ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದು ಅದು ಬಯಸಲೂ ಇಲ್ಲ. ಬೆಂಗಳೂರಿನ ನೆಂಟರ ಜೊತೆ ಮಾತಾಡಬೇಕಾದರೆ ದರ ಇಳಿಯುವ ತನಕ ಕಾದಿದ್ದು, ರಾತ್ರಿ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಂತು 080 ಒತ್ತುತ್ತಿದ್ದೆವು. ಗಾಜಿನ ಗೂಡಿನೊಳಗೆ ಕೆಂಪು ಅಂಕಿಗಳು ಏರುತ್ತಿದ್ದಂತೆ ಮಾತು ತಾನಾಗಿ ಮೊಟಕಾಗುತ್ತಿತ್ತು. ಸಾವು, ನಿಶ್ಚಿತಾರ್ಥ, ನೂಲಿನ ರೇಟು ಮೂರೂ ಒಂದೇ ಉಸಿರಿನಲ್ಲಿ ಮುಗಿಯಬೇಕಿತ್ತು. ಉಳಿದದ್ದಕ್ಕೆ ಇನ್‌ಲ್ಯಾಂಡ್ ಪತ್ರವಿತ್ತು. ಅದರಲ್ಲಿ ಮಾತು ಕನ್ನಡ, ಅಕ್ಷರ ತಮಿಳು. ನೇಕಾರರಾದ ಇಲ್ಲಿನ ದೇವಾಂಗರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಾಗೇ.

2000ನೇ ಇಸವಿಯ ಆ ನೂರೆಂಟು ದಿನಗಳನ್ನು ನಮ್ಮ ಪೀಳಿಗೆ ಮರೆಯುವಂತಿಲ್ಲ. ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ ಮೇಲೆ ಎರಡು ರಾಜ್ಯಗಳ ಸರ್ಕಾರಗಳು ಕಾದು ಕೂತದ್ದು ಕಾಡಿನಿಂದ ಬರುವ ಕ್ಯಾಸೆಟ್ಟಿಗೆ. ನಾಲ್ಕಾಣೆಯ ಟೇಪು ಸುರುಳಿಯೊಂದು ಮುಖ್ಯಮಂತ್ರಿಗಳ ಮೇಜಿಗೆ ಹೋಗುತ್ತಿತ್ತು, ಉತ್ತರ ಹೊತ್ತು ಮನುಷ್ಯರೇ ಕಾಡಿಗೆ ನಡೆಯುತ್ತಿದ್ದರು. ಆಗ ಎಲ್ಲರ ಜೇಬಿನಲ್ಲೂ ಫೋನಿದ್ದಿದ್ದರೆ ಗಡಿಯ ಈ ಬದಿಯ ನಮ್ಮ ಗತಿ ಏನಾಗುತ್ತಿತ್ತೋ ಎಂದು ಮುಂದೆ, 2016ರಲ್ಲಿ, ನಾವು ಕೇಳಿಕೊಳ್ಳಬೇಕಾಯಿತು. ಆ ಮಾತಿಗೆ ಮತ್ತೆ ಬರುತ್ತೇವೆ.

ಮೊಬೈಲು ಬಂದಾಗ ಅದು ಕೊಟ್ಟ ಮೊದಲ ಮಾತು ದೂರ ಅಳಿಯುತ್ತದೆ ಎಂಬುದು. ನಮಗೆ ಅದು ಮೊದಲು ತೋರಿಸಿದ್ದು ಗಡಿಯನ್ನು. ಹೊಸೂರು ದಾಟಿ ಜೂಜುವಾಡಿ ಚೆಕ್‌ಪೋಸ್ಟ್ ಬರುತ್ತಿದ್ದಂತೆ ಬಸ್ಸಿನಲ್ಲಿ ಒಬ್ಬೊಬ್ಬರ ಜೇಬೂ ಕೀಚಲು ದನಿ ಹೊರಡಿಸುತ್ತಿತ್ತು: ಕರ್ನಾಟಕಕ್ಕೆ ಸ್ವಾಗತ, ಇನ್ನು ಮುಂದೆ ರೋಮಿಂಗ್. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾದರೂ ಗಡಿ ದಾಟಿದವರಿಗೆ ಆ ಭಾಗ್ಯ ಇರಲಿಲ್ಲ. ಹೊಗೇನಕಲ್‌ನಲ್ಲಿ ಈ ದಡದ ಬಂಡೆಯ ಮೇಲೆ ಕೂತಿದ್ದರೂ ಆ ದಡದ ಟವರು ಎಳೆದುಕೊಂಡರೆ ದುಡ್ಡು ಹೋಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಎಳೆದ ಗೆರೆಯನ್ನು ನಾವು ಮದುವೆ, ಜಾತ್ರೆ, ನೂಲಿನ ವ್ಯಾಪಾರಗಳಲ್ಲಿ ದಿನವೂ ಅಳಿಸುತ್ತಲೇ ಬಂದಿದ್ದೆವು. ಟೆಲಿಕಾಂ ಸರ್ಕಲ್ ಅದನ್ನು ನಿಮಿಷದ ಲೆಕ್ಕದಲ್ಲಿ ಮತ್ತೆ ಎಳೆಯಿತು. ಲಾರಿಯವರೂ ಸೀರೆ ಹೊತ್ತು ಚಿಕ್ಕಪೇಟೆಗೆ ಹೋಗುವವರೂ ಎರಡು ಸಿಮ್ ಇಟ್ಟುಕೊಂಡರು, ಮಿಸ್ಡ್ ಕಾಲ್‌ನಲ್ಲೇ ಒಂದು ಭಾಷೆ ಕಟ್ಟಿಕೊಂಡರು. ಒಂದು ಸಲ ಹೊಡೆದರೆ ತಲುಪಿದೆ, ಎರಡು ಸಲವಾದರೆ ಸರಕು ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಒಂದು ವರ್ಷದೊಳಗೆ ರೋಮಿಂಗ್ ಎಂಬ ಪದವೇ ನಮ್ಮ ಮಾತಿನಿಂದ ಉದುರಿಹೋಯಿತು. ಈ ಮೂವತ್ತು ವರ್ಷದ ಲಾಭದ ಪಟ್ಟಿಯಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು. ಕೊಸರಿಲ್ಲದೆ ಬರೆಯುತ್ತೇವೆ.

ಅಕ್ಷರದ ಕಥೆ ಅಷ್ಟು ಸರಳವಲ್ಲ. 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಬೆಂಗಳೂರಿನಲ್ಲಿ ಹಬ್ಬದಂತೆ ಬಂದವು. ತಮಿಳುನಾಡು 1999ರಲ್ಲಿ ತನ್ನದೇ ಕೀಲಿಮಣೆಯನ್ನು ಗೊತ್ತುಮಾಡಿಕೊಂಡಿತು. ಎರಡು ಸರ್ಕಾರಗಳ ನಡುವೆ ಸೇಲಂನಲ್ಲಿ ಕೂತು ಕನ್ನಡ ಕರಪತ್ರ ಅಚ್ಚು ಹಾಕಿಸಬೇಕಾದ ನಾವಿದ್ದೆವು. ಬೆಂಗಳೂರಿನಲ್ಲಿ ಟೈಪ್ ಮಾಡಿಸಿದ ಫೈಲನ್ನು ಫ್ಲಾಪಿಯಲ್ಲಿ ಹಾಕಿ, ಅದನ್ನು ಕರ್ಚೀಫಿನಲ್ಲಿ ಸುತ್ತಿ, ಇನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ತಂದು ಇಲ್ಲಿನ ಡಿಟಿಪಿ ಅಂಗಡಿಯಲ್ಲಿ ತೆರೆದರೆ ಆ ಫಾಂಟು ಇಲ್ಲ. ಚೌಡೇಶ್ವರಿ ಅಮ್ಮನ ಹಬ್ಬದ ಕರೆಯೋಲೆ ಇರಬೇಕಾದ ಕಡೆ ಪರದೆಯ ತುಂಬ ಸೊಟ್ಟಮೂತಿಯ ಲ್ಯಾಟಿನ್ ಗುರುತುಗಳು. ಅಂಗಡಿಯ ಹುಡುಗ ಬಲು ವಿನಯದಿಂದ, ಇದು ಯಾವ ಭಾಷೆ ಸಾರ್ ಎಂದು ಕೇಳಿದ್ದ. ಯುನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ನೀಗಿತು. ಇವತ್ತು ಯಾವ ಫೋನಿನಲ್ಲೂ ಕನ್ನಡ ಬರೆಯಬಹುದು. ಬರೆಯಬಲ್ಲವರು ನಮ್ಮಲ್ಲಿ ಆಗಿನಷ್ಟಿಲ್ಲ ಎಂಬುದು ಫೋನಿನ ತಪ್ಪಲ್ಲ.

2006ರ ಸೆಪ್ಟೆಂಬರ್ 15ರಂದು ಕಲರ್ ಟಿವಿ, 2011ರ ಅದೇ ಸೆಪ್ಟೆಂಬರ್ 15ರಂದು ಲ್ಯಾಪ್‌ಟಾಪ್: ಅಣ್ಣಾದುರೈ ಅವರ ಹುಟ್ಟುಹಬ್ಬಕ್ಕೆ ತಮಿಳುನಾಡನ್ನು ಆಳಿದ ಎರಡು ಪಕ್ಷಗಳೂ ಒಂದೊಂದು ಪೆಟ್ಟಿಗೆ ಕೊಟ್ಟವು. ಪುಕ್ಕಟೆ ಎಂದು ಮೂಗು ಮುರಿದವರು ಬಹಳ. ನಾವು ಮುರಿಯುವುದಿಲ್ಲ, ಮಗ್ಗದ ಗುಂಡಿಯ ಪಕ್ಕದಲ್ಲಿ ಕೂತು ಆ ಲ್ಯಾಪ್‌ಟಾಪಿನಲ್ಲಿ ಓದಿ ಇಂಜಿನಿಯರ್ ಆದ ಹೆಣ್ಣುಮಕ್ಕಳನ್ನು ಕಂಡಿದ್ದೇವೆ. ಅದರೊಳಗೆ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಯಾರ ಅಪ್ಪಣೆಯೂ ಬೇಡದ, ಬಿಚ್ಚಿ ನೋಡಬಹುದಾದ, ಬೇಕಾದರೆ ತಿದ್ದಬಹುದಾದ ತಂತ್ರಾಂಶ. ಅದನ್ನು ಕಲಿಸುವ ಮೇಷ್ಟರು ಮಾತ್ರ ಪೆಟ್ಟಿಗೆಯೊಳಗೆ ಇರಲಿಲ್ಲ. ಅದು ಸಾಲದೆಂಬಂತೆ 2012ರ ಆಸುಪಾಸಿನಲ್ಲಿ ಚೆನ್ನೈ ಬಿಟ್ಟು ಉಳಿದ ತಮಿಳುನಾಡಿನಲ್ಲಿ ಕರೆಂಟು ದಿನದ ಅರ್ಧ ಹೊತ್ತು ಇರುತ್ತಿರಲಿಲ್ಲ. ಟಿವಿ, ಮಿಕ್ಸಿ, ಫ್ಯಾನು, ಲ್ಯಾಪ್‌ಟಾಪು ಎಲ್ಲ ಸರ್ಕಾರದ್ದೇ, ಕತ್ತಲೆಯೂ ಸರ್ಕಾರದ್ದೇ ಎಂದು ನಗುತ್ತಿದ್ದೆವು.

ಇದನ್ನು ಬರೆಯುತ್ತಿರುವ ಮನೆಯ ಅಟ್ಟದ ಮೇಲೆ ಜಕಾರ್ಡಿನ ಅಟ್ಟೆಗಳ ಒಂದು ಕಟ್ಟಿದೆ. ಅಟ್ಟೆ ಎಂದರೆ ಸಾಲಾಗಿ ತೂತು ಹೊಡೆದು ದಾರದಿಂದ ಪೋಣಿಸಿದ ದಪ್ಪ ರಟ್ಟು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ, ಸೀರೆಯ ಅಂಚಿನಲ್ಲಿ ಮಾವಿನಕಾಯಿ ಮೂಡುತ್ತದೆ. 1804ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿದ ಈ ಉಪಾಯವೇ ಮುಂದೆ ಗಣಕಕ್ಕೆ ದಾರಿ ತೋರಿಸಿತೆಂದು ಓದಿದಾಗ, ನಮ್ಮಪ್ಪ ನಲವತ್ತು ವರ್ಷ ಪ್ರೋಗ್ರಾಮರ್ ಆಗಿದ್ದರಲ್ಲ ಎಂದು ಬೀಗಿದ್ದುಂಟು. ಆ ಕಟ್ಟಿಗೆ ಗೆದ್ದಲು ಹಿಡಿದಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಹೂವೆಲ್ಲಿ, ಬಳ್ಳಿಯೆಲ್ಲಿ ಎಂದು ತಿಳಿಯುತ್ತದೆ. ನಾಳೆ ಮಗ್ಗಕ್ಕೆ ಏರಿಸಿದರೆ ನಾಳೆಯೇ ನೇಯುತ್ತದೆ. ಅದರ ಪಕ್ಕದಲ್ಲೇ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಹೊಸದರಲ್ಲಿ ಸಾಲ ಮಾಡಿ ಮಾಡಿಸಿದ ಡಿಸೈನುಗಳ ಫ್ಲಾಪಿಗಳು ಅದರಲ್ಲಿವೆ, ಮೇಲೆ ಒಂದು ಹಸಿರು ಡಾಂಗಲ್. ಅದನ್ನು ಚುಚ್ಚದೆ ಡಿಸೈನ್ ತಂತ್ರಾಂಶ ತೆರೆಯುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಸಿಡಿಲಿಗೆ ಡಾಂಗಲ್ ಸುಟ್ಟಿತು. ಇನ್ನೊಂದು ಕೊಡಿ ಎಂದು ಕೇಳಲು ಹೋದರೆ ಮಾರಿದ ಕಂಪನಿಯೇ ಅಂಗಡಿ ಮುಚ್ಚಿತ್ತು. ದುಡ್ಡು ಕೊಟ್ಟು ತಂದದ್ದು ಡಿಸೈನಲ್ಲ, ಡಿಸೈನಿನ ಬಾಗಿಲ ಮುಂದೆ ನಿಲ್ಲುವ ಅನುಮತಿ ಎಂದು ತಿಳಿದದ್ದು ಆವತ್ತು. ಅಟ್ಟೆ ಕುಟ್ಟುವವರ ಕೆಲಸ ಅದಕ್ಕೆ ಮೊದಲೇ ಹೋಗಿತ್ತು. ತಿಂಗಳು ಹಿಡಿಯುತ್ತಿದ್ದ ಅಂಚು ಈಗ ಒಂದು ಮಧ್ಯಾಹ್ನದಲ್ಲಿ ಸಿದ್ಧವಾಗುತ್ತದೆ, ಸರಿಯೆ. ಸಿದ್ಧವಾದ ಸಂಜೆಯೇ ಅದರ ಫೋಟೊ ವಾಟ್ಸಾಪಿನಲ್ಲಿ ಬೇರೆ ಊರಿಗೆ ಹೋಗಿ, ಮರುವಾರ ಅಗ್ಗದ ಸೀರೆಯಾಗಿ ಇಲ್ಲಿಗೇ ಮರಳುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲವೂ ಮುಗಿಯಿತು. ಸೇಲಂನ ಗುಗೈ ಕಡೆಯ ಡಿಸೈನ್ ಅಂಗಡಿಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಹಳೆಯ ಕಂಪ್ಯೂಟರುಗಳು ಹನ್ನೊಂದಕ್ಕೆ ತಕ್ಕವಲ್ಲವಂತೆ. ಏನೂ ಕೆಡದ ಯಂತ್ರವನ್ನು ಕೆಟ್ಟಿತೆಂದು ಸಾರುವುದು ಮಗ್ಗದವರಿಗೆ ಅರ್ಥವಾಗದ ವಿದ್ಯೆ.

ಹಕ್ಕು ಎಂಬ ಮಾತು ನಮ್ಮ ಬಾಯಿಗೆ ತಡವಾಗಿ ಬಂತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ತೆಗೆದುಹಾಕಿದಾಗ, 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್, ಒಂದೊಂದು ಜಾಲತಾಣಕ್ಕೆ ಒಂದೊಂದು ದರ ಸಲ್ಲದು ಎಂದಾಗ, ಅದು ಪಟ್ಟಣದ ವಿದ್ಯಾವಂತರ ಜಗಳವೆಂದು ಸುಮ್ಮನಿದ್ದೆವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾವೇರಿ ಮತ್ತೆ ಹೊತ್ತಿಕೊಂಡಿತು. ಬೆಂಗಳೂರಿನಲ್ಲಿ ಫೇಸ್‌ಬುಕ್ ಬರಹಕ್ಕಾಗಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ವಿಡಿಯೊ, ರಾಮೇಶ್ವರದಲ್ಲಿ ಕರ್ನಾಟಕದವನನ್ನು ಹೊಡೆದ ವಿಡಿಯೊ ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು. ಸೆಪ್ಟೆಂಬರ್ 12ರಂದು ಸೇಲಂ ಮೂಲದ ಬಸ್ ಕಂಪನಿಯೊಂದರ ಹತ್ತಾರು ಬಸ್ಸುಗಳು ಬೆಂಗಳೂರಿನ ಡಿಪೊದಲ್ಲಿ ಸುಟ್ಟುಹೋದವು. ಆ ವಾರ ನಮ್ಮವರು ಬೀದಿಯಲ್ಲಿ ಕನ್ನಡ ಮಾತಾಡಲಿಲ್ಲ, ಅಲ್ಲಿನ ನೆಂಟರು ತಮಿಳು ನಂಬರಿನ ಕಾರು ಹೊರತೆಗೆಯಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಕಾಯಲು ವೇಳೆಯಿತ್ತು, ಕಾಯುವಾಗ ಕೋಪ ಸ್ವಲ್ಪ ಆರುತ್ತಿತ್ತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ, ಪಕ್ಕದ ತಿರುವಣ್ಣಾಮಲೈ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಡಲು ಹೋದ ಮುದುಕಿಯೊಬ್ಬರು ಜನರ ಕೈಯಲ್ಲೇ ಸತ್ತರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಂದು ಜೀವ ಹೋಯಿತು. ಆಮೇಲೆ, ಜುಲೈನಲ್ಲಿ, ವಾಟ್ಸಾಪ್ ಫಾರ್ವರ್ಡ್ ಐದಕ್ಕೆ ನಿಂತಿತು.

ಈ ನಡುವೆ ಕನ್ನಡದ ಹಿರಿಯರೊಬ್ಬರು ಮಾಡಿದ ಕೆಲಸವನ್ನು ನಮ್ಮ ಲೆಕ್ಕದಲ್ಲಿ ಮರೆಯುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಮಗ್ಗ ನಡುಮನೆಯಲ್ಲಿ, ಒಲೆ ಅದರ ಹಿಂದೆ, ಹೊದ್ದು ಮಲಗುವುದು ಮಗ್ಗದ ಮಗ್ಗುಲಲ್ಲಿ ಎಂಬಂಥ ನಮ್ಮ ಮನೆಗಳಲ್ಲಿ ಖಾಸಗಿತನ ಎಲ್ಲಿತ್ತು ಎಂದು ನಗಬಹುದು. ಇತ್ತು, ಮಾತಿನಲ್ಲಿತ್ತು. ನೂಲಿನ ಸಾಹುಕಾರ ಜಗುಲಿಯ ಮೇಲೆ ಕೂತು ರೇಟು ಹೇಳುತ್ತಿದ್ದಾಗ ಒಳಗಿನಿಂದ ಅಮ್ಮ ಕನ್ನಡದಲ್ಲಿ, ಒಪ್ಪಬೇಡಿ, ಎರಡು ರೂಪಾಯಿ ಜಾಸ್ತಿ ಕೇಳಿ ಎನ್ನುತ್ತಿದ್ದರು. ಸಾಹುಕಾರನಿಗೆ ಅದು ಮಗ್ಗದ ಸದ್ದಿನಂತೆಯೇ. ಮನೆಗನ್ನಡವೇ ನಮ್ಮ ಪರದೆ, ಅದೇ ನಮ್ಮ ಬಾಗಿಲು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೊಂಬತ್ತೆಂಟು ತುಂಬಿ ತೀರಿಕೊಂಡರು. 2023ರಲ್ಲಿ ಬಂದ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಆ ತಿಂಗಳ ಕೊನೆಗೆ ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆಪ್ ಇರಲೇಬೇಕೆಂಬ ಆದೇಶ ಬಂತು, ವಾರ ಕಳೆಯುವುದರೊಳಗೆ ಗದ್ದಲಕ್ಕೆ ಅದು ಹಿಂದೆಯೂ ಹೋಯಿತು. ಅದು ಹೋದದ್ದಕ್ಕೆ ಸಂತೋಷವೇ. ಆದರೆ ರೇಷನ್ ಅಂಗಡಿಯ ಹೆಬ್ಬೆಟ್ಟು, ಬ್ಯಾಂಕಿನ ಒಟಿಪಿ, ಟೀ ಅಂಗಡಿಯಲ್ಲಿ ದುಡ್ಡು ಬಂತೆಂದು ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಕೂಗುವ ಡಬ್ಬಿ ಇವುಗಳಿಗೆ ನಾವು ಎಂದು ಒಪ್ಪಿಗೆ ಕೊಟ್ಟೆವೆಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಅಕ್ಷರದಲ್ಲಿ ನಾವು ಕಳೆದುಕೊಂಡದ್ದನ್ನು ದನಿ ತಂದುಕೊಟ್ಟಿತು. 2013ರಲ್ಲಿ ವಾಟ್ಸಾಪಿಗೆ ದನಿ ಕಳಿಸುವ ಗುಂಡಿ ಬಂತು. ತಮಿಳು ಅಕ್ಷರವೂ ಅಷ್ಟಾಗಿ ಬಾರದ ಹೆಂಗಸರು ಅದನ್ನು ಯಾರೂ ಹೇಳಿಕೊಡದೆ ಕಲಿತರು. ಎರಡು ತಲೆಮಾರಿನಿಂದ ಬರಹಕ್ಕೆ ಅಷ್ಟಾಗಿ ಬಾರದಿದ್ದ ನಮ್ಮ ಕನ್ನಡ ಇವತ್ತು ಸೇಲಂನಿಂದ ಬೆಂಗಳೂರಿಗೆ, ತಾರಮಂಗಲದಿಂದ ದುಬೈಗೆ, ಹೋಗುತ್ತಾ ಬರುತ್ತಾ ಇದೆ. ಅದನ್ನೂ ಯಂತ್ರಕ್ಕೆ ಕಲಿಸುವ ಕಾಲ ಹತ್ತಿರವಿದೆ. 2022ರಲ್ಲಿ ಕೇಂದ್ರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ ಬಂತು, ಚೆನ್ನೈನ ಐಐಟಿಯವರು ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಮಾತು ದಾಖಲಿಸುತ್ತಿದ್ದಾರೆ. ಸೇಲಂ ಕನ್ನಡವನ್ನೂ ಕೇಳಿಕೊಳ್ಳಿ ಎಂದು ಹೋಗಿ ನಿಲ್ಲಬೇಕೇ, ಪರದೆಯನ್ನು ಇಳಿಬಿಟ್ಟುಕೊಂಡೇ ಇರಬೇಕೇ? ಈ ಬಗ್ಗೆ ನಮ್ಮಲ್ಲೇ ಎರಡು ಮನಸ್ಸಿದೆ.

ಹೋದ ತಿಂಗಳು ದೊಡ್ಡಮ್ಮ ಬೆಂಗಳೂರಿನ ತಂಗಿಗೆ ದನಿ ಕಳಿಸುತ್ತಿದ್ದರು. ಫೋನನ್ನು ಬಾಯಿಗೆ ಅಡ್ಡ ಹಿಡಿದು, ಎಸ್‌ಟಿಡಿ ಬೂತಿನ ಕಾಲದಂತೆ ಗಟ್ಟಿಯಾಗಿ, “ನೂಲು ಬಂದದೆ ತಂಗೀ, ಕರೆಂಟು ಬರ್ಲಿಲ್ಲ, ಮಗ್ಗ ಸುಮ್ನೆ ಕೂತದೆ” ಎಂದರು. ಮೊಮ್ಮಗ, ಇನ್ನು ನೀನು ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಅಜ್ಜಿ ಎಂದು ಕನ್ನಡದ ದನಿ ಟೈಪಿಂಗ್ ಒತ್ತಿಕೊಟ್ಟ. ಅವರು ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಪರದೆಯ ಮೇಲೆ ಮೂಡಿದ್ದನ್ನು ನಾವು ಓದಿ ಹೇಳಿದೆವು: ಮಗ ಸುಮ್ಮನೆ ಕೂತಿದ್ದಾನೆ. ದೊಡ್ಡಮ್ಮ ಮಗ್ಗದ ಕಟ್ಟೆಯ ಮೇಲೆ ಫೋನು ನೋಡುತ್ತಾ ಕೂತಿದ್ದ ಮಗನ ಕಡೆಗೊಮ್ಮೆ ತಿರುಗಿ, “ಅದೂ ಸುಳ್ಳಲ್ಲ ಬಿಡು, ಕಳ್ಸು” ಎಂದರು.