ತೂಕದ ಮಷೀನ್ ಒಂದೇ ಸಾಲದು, ಟೇಪ್ ಕೂಡ ತನ್ನಿ

ನಮ್ಮ ಕ್ಯಾಂಪಸ್ಸಲ್ಲಿ ಹೆಲ್ತ್ ಕ್ಯಾಂಪ್ ಅಂದ್ರೆ ಇಷ್ಟೇ: ಎತ್ತರ ಅಳೀತಾರೆ, ತೂಕ ನೋಡ್ತಾರೆ, ಬಿಎಂಐ ಅಂತ ಒಂದು ನಂಬರ್ ಬರೆದು ಕೊಡ್ತಾರೆ. ನಾರ್ಮಲ್ ಬಂದವನು ಖುಷಿಯಿಂದ ಸೀದಾ ಕ್ಯಾಂಟೀನಿಗೆ ಹೋಗ್ತಾನೆ. ಜಾಸ್ತಿ ಬಂದವನನ್ನು ಫ್ರೆಂಡ್ಸ್ ವಾರವಿಡೀ ರೇಗಿಸ್ತಾರೆ. ನನ್ನ ಪ್ರಕಾರ ಆ ನಂಬರ್ ಇಬ್ಬರಿಗೂ ಪೂರ್ತಿ ವಿಷಯ ಹೇಳ್ತಿಲ್ಲ.

ಬಿಎಂಐ ಅಂದ್ರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸೋದು. ಇದರ ಮೂಲ 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ. ಅವರು ಡಾಕ್ಟರ್ ಅಲ್ಲ, ಅಂಕಿಅಂಶ ತಜ್ಞ. ಅವರಿಗೆ ಬೇಕಿದ್ದದ್ದು 'ಸರಾಸರಿ ಮನುಷ್ಯ'ನ ಲೆಕ್ಕ, ನಿಮ್ಮ ನನ್ನ ಆರೋಗ್ಯವಲ್ಲ. ಈ ಸೂತ್ರದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿದೆ ಅನ್ನೋ ವೇರಿಯಬಲ್ಲೇ ಇಲ್ಲ.

ಆದರೆ ಎಲ್ಲಿದೆ ಅನ್ನೋದೇ ಮುಖ್ಯ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ, ಲಿವರ್ ಮತ್ತು ಕರುಳಿನ ಸುತ್ತ ಸೇರೋ ಕೊಬ್ಬು ಹೆಚ್ಚು ಅಪಾಯ. ಅದು ಜಾಸ್ತಿ ಇರೋರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಮುಂದೆ ಶುಗರ್, ಬಿಪಿ, ಹೃದಯದ ಕಾಯಿಲೆ ಬರೋ ಸಾಧ್ಯತೆ ಹೆಚ್ಚು.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರದ್ದೂ ಬಿಎಂಐ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ನೋಡೋಕೆ ಸಣ್ಣ, ಒಳಗೆ ಕೊಬ್ಬು. ಇದು ನಮ್ಮ ದೇಶದಲ್ಲಿ ಅಪರೂಪವೇನಲ್ಲ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ವರದಿಯಲ್ಲಿ ಬಿಎಂಐ ಪ್ರಕಾರ ಬೊಜ್ಜು ಇದ್ದ ವಯಸ್ಕರು ಶೇ. 28.6, ಸೊಂಟದ ಸುತ್ತಳತೆ ಪ್ರಕಾರ ಶೇ. 39.5. ಅಂದ್ರೆ ನೂರರಲ್ಲಿ ಕನಿಷ್ಠ ಹತ್ತು ಜನರನ್ನ ತೂಕದ ಮಷೀನ್ ಪಾಸ್ ಮಾಡಿ ಕಳಿಸುತ್ತೆ, ಟೇಪ್ ಮಾತ್ರ ಹಿಡಿಯುತ್ತೆ.

"ಹತ್ತೊಂಬತ್ತು ವರ್ಷಕ್ಕೇ ಇದೆಲ್ಲ ಯಾಕೋ?" ಅಂತ ಕೇಳಬಹುದು. ನಮ್ಮಪ್ಪ ಕಡ್ಡಿ ಥರ ಇದ್ದಾರೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಅವರಿಗೆ ಶುಗರ್ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಹೊಟ್ಟೆ ಒಂದೇ ದಿನದಲ್ಲಿ ಬರಲ್ಲ. ದಿನವಿಡೀ ಕ್ಲಾಸು, ಲ್ಯಾಬು, ರಾತ್ರಿ ಲ್ಯಾಪ್‌ಟಾಪು, ಹನ್ನೊಂದು ಗಂಟೆಗೆ ಮ್ಯಾಗಿ. ಅಭ್ಯಾಸ ಶುರುವಾಗೋದು ಇಲ್ಲೇ.

ಅಳೆಯೋದು ಸುಲಭ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟಾಗ ನೋಡಿ. ಹೊಟ್ಟೆ ಒಳಗೆ ಎಳ್ಕೊಂಡು ಮೋಸ ಮಾಡಬೇಡಿ! ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಇನ್ನೂ ಸುಲಭ ಲೆಕ್ಕ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 170 ಸೆಂ.ಮೀ. ಎತ್ತರದವನಿಗೆ 85ರ ಒಳಗೆ.

ಬಿಎಂಐ ಬಿಸಾಕಿ ಅಂತ ನಾನು ಹೇಳ್ತಿಲ್ಲ. ಟೇಪ್ ಕೂಡ ಕಾಯಿಲೆ ಇದೆ ಅಂತ ಹೇಳಲ್ಲ, ಅದಕ್ಕೆ ರಕ್ತಪರೀಕ್ಷೆಯೇ ಬೇಕು. ಆದರೆ ಯಾರು ಆ ಪರೀಕ್ಷೆ ಮಾಡಿಸಬೇಕು ಅನ್ನೋ ಸುಳಿವು ಸಿಗುತ್ತೆ. ಮುಂದಿನ ಕ್ಯಾಂಪ್ ಆಯೋಜಿಸೋರಿಗೆ ನನ್ನ ಬೇಡಿಕೆ ಎರಡೇ: ಟೈಲರ್ ಟೇಪ್ ಇಡಿ, ಮತ್ತು ಯಾರ ನಂಬರನ್ನೂ ಸಾಲಿನಲ್ಲಿ ಎಲ್ಲರಿಗೂ ಕೇಳೋ ಹಾಗೆ ಕೂಗಬೇಡಿ.